ಹಾರ್ಡ್ ಡಿಸ್ಕ್ ಕೈಕೊಡುವ ಮೊದಲು: ಮನೆಗೆ, ಅಂಗಡಿಗೆ, ಶಾಲೆಗೆ ಯಾವ ಬ್ಯಾಕಪ್ ಹೊಂದುತ್ತದೆ?

ತುಲಾ ತಿಂಗಳ ಸಂಜೆಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಸಿಡಿಲು ಹೇಳಿಕೇಳಿ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ, ನನ್ನ ಡಿಟಿಪಿ ಅಂಗಡಿಯಲ್ಲಿ ಕನ್ನಡ ಮಾಧ್ಯಮ ಶಾಲೆಯೊಂದರ ಸ್ಮರಣ ಸಂಚಿಕೆಯ ಕೊನೆಯ ತಿದ್ದುಪಡಿ ನಡೆಯುತ್ತಿದ್ದಾಗ, ಕಣ್ಣು ಕೋರೈಸುವ ಮಿಂಚಿನೊಂದಿಗೆ ಕರೆಂಟು ಹೋಯಿತು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಕ್ಯಾಬಿನೆಟ್ಟಿನ ಒಳಗಿಂದ ಮಾತ್ರ ಟಕ್, ಟಕ್, ಟಕ್ ಎಂಬ ಸದ್ದು ಮೂರ್ನಾಲ್ಕು ಸಲ ಕೇಳಿಸಿ, ತುಸು ನಿಂತು, ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು.

ಸಂಚಿಕೆಯ ಎರಡು ಪ್ರತಿಗಳನ್ನು ನಾನು ಇಟ್ಟುಕೊಂಡಿದ್ದೆ. ಒಂದು ಅದೇ ಡಿಸ್ಕಿನ ‘ಡಿ’ ಡ್ರೈವಿನಲ್ಲಿತ್ತು. ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿತ್ತು. ಆದರೆ ಆ ಡಿಸ್ಕ್ ವರ್ಷವಿಡೀ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತಿದ್ದುದರಿಂದ ಅದೂ ಆ ಸಂಜೆಯೇ ಸುಟ್ಟುಹೋಗಿತ್ತು. ಕೊನೆಗೆ ಕೈಗೆ ಸಿಕ್ಕಿದ್ದು, ಕರಡು ತಿದ್ದಲೆಂದು ಹತ್ತು ದಿನ ಮೊದಲು ಮುಖ್ಯೋಪಾಧ್ಯಾಯರಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದ ಪಿಡಿಎಫ್ ಒಂದೇ. ಮೂರು ಪ್ರತಿಗಳಲ್ಲಿ ಬದುಕಿದ್ದು ಯಾವುದು ಎಂದರೆ, ಬ್ಯಾಕಪ್ ಎಂದು ನಾನು ಎಣಿಸಿಯೇ ಇರದ ಪ್ರತಿ. ಅದು ಬದುಕಿದ್ದು ಈ ಮಾಡಿನ ಕೆಳಗೆ ಇರದಿದ್ದ ಕಾರಣಕ್ಕೆ.

ಅಂದಿನಿಂದ ಯಾರಾದರೂ ‘ಯಾವ ಡಿಸ್ಕ್ ತೆಗೆದುಕೊಳ್ಳುವುದು ಒಳ್ಳೆಯದು?’ ಎಂದು ಕೇಳಿದರೆ ನಾನು ಮೊದಲು ಕಂಪನಿಯ ಹೆಸರನ್ನಾಗಲಿ ಬೆಲೆಯನ್ನಾಗಲಿ ಹೇಳುವುದಿಲ್ಲ. ಪ್ರತಿಯೊಂದು ಪ್ರತಿಯೂ ಯಾವ ಯಾವ ಅಪಾಯದಿಂದ ಪಾರಾಗಬಲ್ಲದು ಎಂಬುದನ್ನು ಮೊದಲು ನೋಡಬೇಕು. ಅಪಾಯಗಳು ನಾಲ್ಕು ಬಗೆಯವು: ಡಿಸ್ಕ್ ತಾನಾಗಿಯೇ ಸಾಯುವುದು; ಸಿಡಿಲು, ಬೆಂಕಿ, ನೀರು, ಕಳ್ಳತನಗಳಂತೆ ಒಂದೇ ಕೋಣೆಯಲ್ಲಿರುವ ಎಲ್ಲವನ್ನೂ ಒಮ್ಮೆಗೇ ಕೊಂಡೊಯ್ಯುವಂಥದು; ನಮ್ಮ ಕೈತಪ್ಪಿನಿಂದ ಕಡತ ಅಳಿಯುವುದು ಅಥವಾ ಹೊಸ ಕಡತದ ಮೇಲೆ ಹಳೆಯದು ಬಂದು ಕೂರುವುದು; ಮತ್ತು ವೈರಸ್. ಕೆಳಗಿನ ಹೋಲಿಕೆಯೆಲ್ಲ ಈ ನಾಲ್ಕನ್ನು ಮುಂದಿಟ್ಟುಕೊಂಡೇ ಮಾಡಿದ್ದು.

ಡಿಸ್ಕ್ ಹೇಗೆ ಸಾಯುತ್ತದೆ

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ, ಬರೆಯುವ ತಲೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಒಂದು ಸಣ್ಣ ಕುಲುಕಾಟಕ್ಕೆ ತಲೆ ತಟ್ಟೆಯನ್ನು ಉಜ್ಜಿದರೆ ಅಲ್ಲಿದ್ದ ಮಾಹಿತಿಯು ಧೂಳಾಗಿ ಏಳುತ್ತದೆ. ನಾನು ಕೇಳಿದ ಟಕ್ ಟಕ್ ಸದ್ದು, ತಲೆಯು ತನ್ನ ಜಾಗವನ್ನು ಹುಡುಕಿ, ಸಿಗದೆ, ಹಿಂದಕ್ಕೆ ಬಂದು ಮತ್ತೆ ಹುಡುಕುವ ಸದ್ದು. ಮಾಹಿತಿಯನ್ನು ತಟ್ಟೆಗಳ ಬದಲು ಚಿಪ್ಪುಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಅದು ಬಿದ್ದರೂ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆದರೆ ಅದರ ನಿಯಂತ್ರಕ ಚಿಪ್ ಕೆಟ್ಟಾಗ ಸದ್ದಿಲ್ಲದೆ, ನಿನ್ನೆ ಇದ್ದದ್ದು ಇಂದು ಕಾಣದಂತೆ ಹೋಗುತ್ತದೆ. ಹಾರ್ಡ್ ಡಿಸ್ಕ್ ನರಳಿ ಸಾಯುವುದುಂಟು, ಎಸ್‌ಎಸ್‌ಡಿಗೆ ಆ ಅಭ್ಯಾಸ ಕಡಿಮೆ.

ಎಷ್ಟು ಡಿಸ್ಕುಗಳು ಸಾಯುತ್ತವೆ ಎಂಬುದಕ್ಕೆ ನಂಬಬಹುದಾದ ಲೆಕ್ಕವಿದೆ. ಲಕ್ಷಗಟ್ಟಲೆ ಡಿಸ್ಕುಗಳನ್ನು ನಡೆಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯು ತನ್ನ ಅಂಕಿ ಅಂಶಗಳನ್ನು 2013ರಿಂದ ಬಹಿರಂಗಪಡಿಸುತ್ತಿದೆ. ಅದರಂತೆ 2022ರಲ್ಲಿ ನೂರಕ್ಕೆ 1.37, 2023ರಲ್ಲಿ ನೂರಕ್ಕೆ 1.70 ಡಿಸ್ಕುಗಳು ಹಾಳಾದವು. ಅದು ತಂಪು ಕೋಣೆಯಲ್ಲಿ, ಕರೆಂಟು ಒಂದೇ ಸಮನೆ ಬರುವಲ್ಲಿ ಇರುವ ಡಿಸ್ಕುಗಳ ಲೆಕ್ಕ ಎಂಬುದನ್ನು ಮರೆಯಬಾರದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಆಟಿಯಲ್ಲಿ ಚಪ್ಪಲಿಗೂ ಬೂಸು ಹಿಡಿಯುವ, ಮಳೆಗಾಲದಲ್ಲಿ ದಿನಕ್ಕೆ ಐದಾರು ಸಲ ಕರೆಂಟು ಹೋಗಿಬರುವ ನಮ್ಮೂರಿನ ಅಂಗಡಿಗಳಲ್ಲಿ ಅಷ್ಟು ಸುಖ ಡಿಸ್ಕಿಗಿಲ್ಲ.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸಿಕೊಳ್ಳುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಕೆಟ್ಟ ಜಾಗದಿಂದ ಮಾಹಿತಿಯನ್ನು ಬೇರೆಡೆಗೆ ಸಾಗಿಸಿದ ಲೆಕ್ಕ ಮತ್ತು ಓದಲಾಗದೆ ಬಾಕಿ ಉಳಿದ ಜಾಗಗಳ ಲೆಕ್ಕ ಸೊನ್ನೆಯಿಂದ ಮೇಲೇರತೊಡಗಿದರೆ ಆ ಡಿಸ್ಕನ್ನು ಕೆಲಸದಿಂದ ಬಿಡಿಸಬೇಕು. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಮೈ ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಹಾಳಾಗುವ ಸಾಧ್ಯತೆಯು ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಕಂಡುಬಂತು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಹಾಳಾದ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು, ಉಷ್ಣತೆಯೊಂದನ್ನು ಬಿಟ್ಟರೆ, ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ‘ಡಿಸ್ಕ್ ಚೆನ್ನಾಗಿದೆ’ ಎಂಬ ಹಸಿರು ಗುರುತನ್ನು ನಂಬಿ ಬ್ಯಾಕಪ್ಪನ್ನು ಮುಂದಕ್ಕೆ ಹಾಕುವುದು ಸಲ್ಲದು.

ಪೆನ್ ಡ್ರೈವ್, ಡಿವಿಡಿ

ಇವೆರಡರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪೆನ್ ಡ್ರೈವ್ ಕಡತವನ್ನು ಅಲ್ಲಿಂದಿಲ್ಲಿಗೆ ಒಯ್ಯುವ ಸಾಧನ. ಕಳೆದುಹೋಗುವುದು ಸುಲಭ, ಒಳಗಿನ ಚಿಪ್ಪಿನ ಗುಣಮಟ್ಟ ಹೇಗೋ ಏನೋ, ಮತ್ತು ಅಗ್ಗಕ್ಕೆ ಮಾರುವ ‘2 ಟಿಬಿ’ ಪೆನ್ ಡ್ರೈವುಗಳಲ್ಲಿ ಎಷ್ಟೋ ಸುಳ್ಳು ಅಳತೆಯವು. ಅಂಥ ಡ್ರೈವು ತುಂಬಿದ ಮೇಲೂ ಬರೆದಂತೆ ನಟಿಸುತ್ತ ಹೋಗುತ್ತದೆ, ತೆರೆದು ನೋಡುವಾಗ ಕಡತ ಇರುವುದಿಲ್ಲ. ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿಯ ಒಂದು ದೊಡ್ಡ ಗುಣವೆಂದರೆ ಬರೆದ ಮೇಲೆ ವೈರಸ್ಸಾಗಲಿ ಕೈತಪ್ಪಾಗಲಿ ಅದನ್ನು ಅಳಿಸಲಾರದು. ಆದರೆ ಒಂದರಲ್ಲಿ ಹಿಡಿಯುವುದು 4.7 ಜಿಬಿ, ಅಂದರೆ 1 ಟಿಬಿಗೆ (ಸಾವಿರ ಜಿಬಿಗೆ) ಇನ್ನೂರಕ್ಕೂ ಮಿಕ್ಕಿ ತಟ್ಟೆಗಳು ಬೇಕು, ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಕಿಂಡಿಯೇ ಇಲ್ಲ. ಮನೆಯ ಜಾಗದ ದಾಖಲೆಪತ್ರಗಳ ಸ್ಕ್ಯಾನಿನಂಥ ಸಣ್ಣ ಗಂಟಿಗೆ ಒಂದು ಹೆಚ್ಚುವರಿ ಪ್ರತಿಯಾಗಿ ಡಿವಿಡಿ ಇರಲಿ, ಅದರಾಚೆಗೆ ಬೇಡ.

ಹೊರಗಿನ ಡಿಸ್ಕ್: ತಿರುಗುವುದೋ, ಎಸ್‌ಎಸ್‌ಡಿಯೋ?

ಹೆಚ್ಚಿನವರಿಗೆ ಹೊಂದುವ ಸಾಧನ ಇದು, ಮತ್ತು ಹೆಚ್ಚಿನವರು ತಪ್ಪಾಗಿ ಬಳಸುವುದೂ ಇದನ್ನೇ. ಒಂದೇ ಅಳತೆಗೆ ಹೋಲಿಸಿದರೆ ತಿರುಗುವ ಪೋರ್ಟಬಲ್ ಡಿಸ್ಕ್ ಎಸ್‌ಎಸ್‌ಡಿಗಿಂತ ಅಗ್ಗ. ಸೆಕೆಂಡಿಗೆ ನೂರು ಎಂಬಿ ಆಸುಪಾಸಿನಲ್ಲಿ ಬರೆಯುವುದರಿಂದ 1 ಟಿಬಿ ತುಂಬಲು ಮೂರು ಗಂಟೆ ಬೇಕು. ಎಸ್‌ಎಸ್‌ಡಿ ಅದರ ಹಲವು ಪಟ್ಟು ವೇಗದ್ದು, ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುವವರಿಗೆ, ಮದುವೆ ಮಂಟಪದಿಂದ ಮಂಟಪಕ್ಕೆ ಹೋಗುವ ಫೋಟೋಗ್ರಾಫರರಿಗೆ ಅದೇ ಸರಿ.

ಆದರೆ ಬರೆದು ಕಪಾಟಿನಲ್ಲಿ ಇಟ್ಟು ವರ್ಷಗಟ್ಟಲೆ ಮರೆಯುವ ಪ್ರತಿಗೆ ನಾನು ಎಸ್‌ಎಸ್‌ಡಿಯನ್ನು ಹೇಳುವುದಿಲ್ಲ. ಅದರಲ್ಲಿ ಮಾಹಿತಿ ಉಳಿಯುವುದು ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶದ ರೂಪದಲ್ಲಿ. ಕರೆಂಟಿಲ್ಲದೆ ಇಟ್ಟಷ್ಟು ದಿನವೂ ಅದು ನಿಧಾನವಾಗಿ ಸೋರುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಮಾನಕ ಸಂಸ್ಥೆ ಇಟ್ಟಿರುವ ಅಪೇಕ್ಷೆಯೆಂದರೆ, ಬರೆಯುವ ಆಯುಷ್ಯವೆಲ್ಲ ಮುಗಿದ ಮೇಲೂ ಅದು 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು ಎಂಬುದು. ಹೊಸ ಎಸ್‌ಎಸ್‌ಡಿ ಅದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆ ನಿಜ, ಆದರೆ ಏಪ್ರಿಲಿನಲ್ಲಿ ನಮ್ಮ ಮನೆಗಳ ಒಳಗೆ 30 ಡಿಗ್ರಿ ಎಂಬುದು ತಂಪಿನ ಲೆಕ್ಕ. ಇನ್ನೊಂದು ಸಂಗತಿಯೂ ಇದೆ. ಎಸ್‌ಎಸ್‌ಡಿಯಲ್ಲಿ ಕಡತವನ್ನು ಅಳಿಸಿದರೆ ‘ಟ್ರಿಮ್’ ಎಂಬ ಆಜ್ಞೆಯು ಆ ಜಾಗವನ್ನು ಹಿನ್ನೆಲೆಯಲ್ಲಿ ತೆರವು ಮಾಡಿಸಿಬಿಡುತ್ತದೆ. ತಿರುಗುವ ಡಿಸ್ಕಿನಲ್ಲಿ ಅಳಿದ ಕಡತವನ್ನು ಹೆಕ್ಕಿ ತರಬಹುದಾದಷ್ಟು ಸುಲಭವಾಗಿ ಇಲ್ಲಿ ತರಲಾಗುವುದಿಲ್ಲ.

ಬಳಸುವ ಕ್ರಮ ಡಿಸ್ಕಿನ ಆಯ್ಕೆಗಿಂತಲೂ ಮುಖ್ಯ. ಒಂದು ದೊಡ್ಡ ಡಿಸ್ಕಿನ ಬದಲು ಎರಡು ಮಧ್ಯಮ ಗಾತ್ರದ ಡಿಸ್ಕುಗಳನ್ನು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವನ್ನು ಅಥವಾ ಬೇರೆ ಬೇರೆ ತಿಂಗಳಲ್ಲಿ ಕೊಂಡವನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದೇ ಕಂತಿನಲ್ಲಿ ತಯಾರಾದವುಗಳಿಗೆ ಒಂದೇ ದೋಷ ಇರಬಹುದು. ಈ ವಾರ ಒಂದಕ್ಕೆ ಪ್ರತಿ, ಮುಂದಿನ ವಾರ ಇನ್ನೊಂದಕ್ಕೆ. ಪ್ರತಿ ಮುಗಿದ ಕೂಡಲೆ ‘ಸುರಕ್ಷಿತವಾಗಿ ತೆಗೆ’ ಎಂಬುದನ್ನು ಒತ್ತಿ, ತಟ್ಟೆ ನಿಲ್ಲುವ ತನಕ ಕಾದು, ವೈರನ್ನು ಕಳಚಬೇಕು. ಕಳಚಿಟ್ಟ ಡಿಸ್ಕಿಗೆ ಸಿಡಿಲು ತಾಗುವುದಿಲ್ಲ, ವೈರಸ್ಸಿಗೂ ಅದು ಕಾಣುವುದಿಲ್ಲ. ಮತ್ತು ಎರಡರಲ್ಲಿ ಒಂದು ಸದಾ ಬೇರೆ ಮನೆಯಲ್ಲಿರಬೇಕು: ತಂಗಿಯ ಮನೆ, ಮಂಗಳೂರಿನಲ್ಲಿ ಓದುವ ಮಗನ ಕೊಠಡಿ, ಬ್ಯಾಂಕಿನ ಲಾಕರು, ಯಾವುದಾದರೂ ಸರಿ. ನನ್ನದು ಪುತ್ತೂರಿನ ಅಕ್ಕನ ಮನೆಯ ಗೋದ್ರೇಜಿನೊಳಗೆ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಔಷಧಿಯ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣಗಳ ಜೊತೆಗೆ ಕುಳಿತಿದೆ. ಮೂರು ತಿಂಗಳಿಗೊಮ್ಮೆ ಹೋದಾಗ ಅದನ್ನು ತಂದು ಬೇರೊಂದನ್ನು ಇಟ್ಟು ಬರುತ್ತೇನೆ. ಅಡಿಕೆ ಒಣಗಿಸುವ ಅಟ್ಟ, ಅಡುಗೆಮನೆಯ ಪಕ್ಕದ ಕಪಾಟು, ಹೊರಗೋಡೆಗೆ ತಾಗಿದ ಶೆಲ್ಫು, ಇವು ಡಿಸ್ಕಿಗೆ ಹೇಳಿದ ಜಾಗಗಳಲ್ಲ.

ನ್ಯಾಸ್ ಮತ್ತು ರೇಡ್

ಎರಡು ಅಥವಾ ನಾಲ್ಕು ಡಿಸ್ಕುಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಮನೆಯ ಅಥವಾ ಅಂಗಡಿಯ ಎಲ್ಲ ಕಂಪ್ಯೂಟರುಗಳಿಗೂ ಲ್ಯಾನ್ ತಂತಿ ಅಥವಾ ವೈಫೈ ಮೂಲಕ ಒದಗಿಸುವ ಸಾಧನಕ್ಕೆ ನ್ಯಾಸ್ ಎನ್ನುತ್ತಾರೆ. ಅದರೊಳಗೆ ಡಿಸ್ಕುಗಳನ್ನು ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವ ವಿಧಾನವೇ ರೇಡ್. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಹೆಸರು ಬಂತು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸೇರಿಸಿ ವೇಗವನ್ನೂ ಭರವಸೆಯನ್ನೂ ಪಡೆಯಬಹುದೆಂಬುದು ಅವರ ವಾದ.

ಮನೆಯ ಮಟ್ಟದಲ್ಲಿ ತಿಳಿದಿರಬೇಕಾದ ಬಗೆಗಳು ಕೆಲವೇ. ರೇಡ್ 0 ಎಂಬುದು ಕಡತವನ್ನು ಹರಿದು ಎರಡು ಡಿಸ್ಕಿಗೆ ಹಂಚುತ್ತದೆ, ವೇಗ ಹೆಚ್ಚುತ್ತದೆ, ಆದರೆ ಒಂದು ಸತ್ತರೆ ಎರಡೂ ಸತ್ತಂತೆ. ರಕ್ಷಣೆಯ ಮಾತಿನಲ್ಲಿ ಅದರ ಹೆಸರನ್ನು ಎತ್ತಲೇಬಾರದು. ರೇಡ್ 1 ಎರಡೂ ಡಿಸ್ಕುಗಳಲ್ಲಿ ಒಂದೇ ಬರಹವನ್ನು ಬರೆಯುತ್ತದೆ, ಅರ್ಧ ಜಾಗ ಖರ್ಚಾದರೂ ಸರಳ ಮತ್ತು ನಂಬಿಗಸ್ತ. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕು ಬೇಕು, ಒಂದು ಡಿಸ್ಕಿನಷ್ಟು ಜಾಗ ಮಾತ್ರ ಆಸರೆಗೆ ಹೋಗುತ್ತದೆ. ರೇಡ್ 6ರಲ್ಲಿ ಎರಡು ಸತ್ತರೂ ಕೆಲಸ ನಡೆಯುತ್ತದೆ. ರೇಡ್ 5ರ ತೊಡಕು ಇರುವುದು ಸತ್ತ ಡಿಸ್ಕನ್ನು ಬದಲಿಸಿದ ಮೇಲೆ: ಉಳಿದ ಎಲ್ಲ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೊಸದನ್ನು ತುಂಬಬೇಕು. 4 ಟಿಬಿ ಡಿಸ್ಕಾದರೆ ಏನೂ ಅಡ್ಡಿಯಿಲ್ಲದಿದ್ದರೂ ಏಳೆಂಟು ಗಂಟೆ ಹಿಡಿಯುವ, ಬಳಕೆಯಲ್ಲಿದ್ದರೆ ಇನ್ನೂ ಎಳೆಯುವ ಆ ಹೊತ್ತಿನಲ್ಲಿ, ಅಷ್ಟೇ ವಯಸ್ಸಾದ ಇನ್ನೊಂದು ಡಿಸ್ಕು ಕೈಚೆಲ್ಲಿದರೆ ಎಲ್ಲವೂ ಹೋಗುತ್ತದೆ. ಇದಕ್ಕೆಂದು ಕೊಳ್ಳುವ ಡಿಸ್ಕು, ಪಟ್ಟಿಗಳ ಮೇಲೆ ಪಟ್ಟಿ ಏರಿಸಿ ಬರೆಯುವ ‘ಎಸ್‌ಎಂಆರ್’ ಬಗೆಯದಾಗಿರಬಾರದು, ‘ಸಿಎಂಆರ್’ ಎಂದು ನಮೂದಾಗಿರಬೇಕು. ಎಸ್‌ಎಂಆರ್ ಡಿಸ್ಕುಗಳಲ್ಲಿ ಈ ಮರುತುಂಬುವಿಕೆ ದಿನಗಟ್ಟಲೆ ಕುಂಟುತ್ತದೆ.

ರೇಡ್ ಏನನ್ನು ಉಳಿಸುತ್ತದೆ? ನಾಲ್ಕು ಅಪಾಯಗಳಲ್ಲಿ ಮೊದಲನೆಯದನ್ನು ಮಾತ್ರ. ಕೈತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕುಗಳಿಂದ ಆ ಕ್ಷಣವೇ ಅಳಿಯುತ್ತದೆ. ಬೀಗ ಜಡಿಯುವ ವೈರಸ್ಸು ಬಂದರೆ ಎರಡಕ್ಕೂ ಜಡಿಯುತ್ತದೆ. ಸಿಡಿಲಿಗೆ ಪೆಟ್ಟಿಗೆಯೊಂದೇ, ಪ್ಲಗ್ಗೊಂದೇ. ರೇಡ್ ಇರುವುದು ಕೆಲಸ ನಿಲ್ಲದಿರಲೆಂದು. ಮೂರು ನಾಲ್ಕು ಜನ ಒಟ್ಟಿಗೆ ಕೆಲಸ ಮಾಡುವ ಸ್ಟುಡಿಯೋದಲ್ಲಿ, ಸಹಕಾರಿ ಬ್ಯಾಂಕಿನ ಶಾಖೆಯಲ್ಲಿ, ಒಂದು ದಿನ ಅಂಗಡಿ ಮುಚ್ಚಿದರೆ ಗಿರಾಕಿ ತಪ್ಪಿಹೋಗುವಲ್ಲಿ ಅದಕ್ಕೆ ಹಾಕಿದ ಹಣ ಸಾರ್ಥಕ. ಆಗಲೂ ಯುಪಿಎಸ್ ಬೇಕೇ ಬೇಕು, ಮತ್ತು ನ್ಯಾಸಿನಿಂದ ಹೊರಗಿನ ಡಿಸ್ಕಿಗೆ ಪ್ರತ್ಯೇಕ ಬ್ಯಾಕಪ್ ಇರಬೇಕು. ಅಷ್ಟು ಹಣ ಕೂಡಿಬಾರದಿದ್ದರೆ ನ್ಯಾಸನ್ನು ಬಿಟ್ಟು ಎರಡು ಪೋರ್ಟಬಲ್ ಡಿಸ್ಕುಗಳನ್ನು ಕೊಳ್ಳಿ ಎಂದೇ ನಾನು ಒತ್ತಿ ಹೇಳುತ್ತೇನೆ.

ಯುಪಿಎಸ್ಸಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಅದು ಕರೆಂಟು ಹಠಾತ್ತನೆ ಹೋದಾಗ ಅರ್ಧ ಬರೆದ ಕಡತವನ್ನು ಉಳಿಸುತ್ತದೆ, ಹತ್ತಿರ ಬಿದ್ದ ಸಿಡಿಲನ್ನು ತಡೆಯಲಾರದು. ಗುಡುಗು ದೂರದಲ್ಲಿ ಕೇಳಿದ ಕೂಡಲೆ ಪ್ಲಗ್ಗನ್ನು ಕಳಚುವುದೇ ಉಪಾಯ. ಹಿಂದೆ ತಾಮ್ರದ ದೂರವಾಣಿ ತಂತಿಯ ಮೂಲಕವೂ ಸಿಡಿಲು ಒಳಗೆ ಬರುತ್ತಿತ್ತು. ಈಗಿನ ಫೈಬರ್ ತಂತಿಯ ಗಾಜಿನ ಎಳೆ ವಿದ್ಯುತ್ತನ್ನು ಸಾಗಿಸದು, ಆದರೆ ಅದರ ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರು ಮತ್ತು ಅಲ್ಲಿಂದ ಕಂಪ್ಯೂಟರಿಗೆ ಎಳೆದ ಲ್ಯಾನ್ ತಂತಿ ಅದೇ ದಾರಿಯನ್ನು ತೆರೆದಿಟ್ಟಿರುತ್ತವೆ. ಅವನ್ನೂ ಕಳಚಬೇಕು.

ಕ್ಲೌಡ್

‘ಎಲ್ಲ ಡ್ರೈವಿನಲ್ಲಿ ಉಂಟು ಮಾಷ್ಟ್ರೆ, ಇನ್ನೆಂತ ಹೆದರಿಕೆ?’ ಎಂದು ನೆಮ್ಮದಿಯಿಂದ ಹೇಳುವವರು ಹೆಚ್ಚುತ್ತಿದ್ದಾರೆ. ಮನೆ ಸುಟ್ಟರೂ ಮಾಹಿತಿ ಉಳಿಯುತ್ತದೆ ಎಂಬುದು ಕ್ಲೌಡಿನ, ಅಂದರೆ ಇಂಟರ್ನೆಟ್ ಮೂಲಕ ದೂರದ ಕಂಪನಿಯ ಡಿಸ್ಕುಗಳಲ್ಲಿ ಕಡತ ಇಡುವ ಸೇವೆಯ, ದೊಡ್ಡ ಬಲ, ಅದನ್ನು ಕಡಿಮೆ ಮಾಡಿ ಹೇಳಲಾಗದು. ಆದರೆ ಗೂಗಲ್ ಡ್ರೈವ್, ಒನ್‌ಡ್ರೈವುಗಳು ಸಾಮಾನ್ಯವಾಗಿ ಮಾಡುವುದು ಹೊಂದಾಣಿಕೆ, ಅಂದರೆ ಇಲ್ಲಿ ಆದದ್ದನ್ನು ಅಲ್ಲಿಯೂ ಮಾಡುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಎರಡರಲ್ಲೂ ಕಸದ ಬುಟ್ಟಿ 30 ದಿನ ಕಾಯುತ್ತದೆ, ಅನಂತರ ಖಾಲಿ. ಓಣಂ ರಜೆಯಲ್ಲಿ ಅಳಿದ ಕಡತವನ್ನು ದೀಪಾವಳಿಯ ಹೊತ್ತಿಗೆ ನೆನೆದರೆ ಸಿಗಲಾರದು. ಕಡತದ ಪಕ್ಕದಲ್ಲಿ ಬರೀ ಮೋಡದ ಗುರುತಿದ್ದರೆ ಆ ಕಡತ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಇರುವ ಒಂದೇ ಪ್ರತಿ ದೂರದಲ್ಲಿದೆ ಎಂದು ತಿಳಿಯಬೇಕು.

ಜಾಗದ ಲೆಕ್ಕವನ್ನೂ ನೋಡೋಣ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, 2021ರ ಜೂನ್ 1ರಿಂದ ಹೊಸ ಫೋಟೋಗಳೂ ಅದರಲ್ಲೇ ಎಣಿಕೆಯಾಗುತ್ತವೆ. ಒನ್‌ಡ್ರೈವ್ ಕೊಡುವುದು 5 ಜಿಬಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು. ರಾತ್ರಿಯಿಡೀ ನಡೆದ ಒಂದು ತಾಳಮದ್ದಳೆಯನ್ನು ಸಿಡಿ ಗುಣಮಟ್ಟದಲ್ಲಿ, ಸಂಕುಚಿಸದೆ ಧ್ವನಿಮುದ್ರಿಸಿದರೆ ಎಂಟು ಗಂಟೆಗೆ 5 ಜಿಬಿ ಆಗುತ್ತದೆ. ಅಂಥ ಇನ್ನೂರು ರಾತ್ರಿಗಳ ಸಂಗ್ರಹವೆಂದರೆ 1 ಟಿಬಿ. ಸೆಕೆಂಡಿಗೆ 20 ಮೆಗಾಬಿಟ್ ಮೇಲೇರಿಸುವ ಸಂಪರ್ಕದಲ್ಲಿ ಅದನ್ನು ಕಳುಹಿಸಲು ಹಗಲಿರುಳು ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು, ಅದೂ ಕರೆಂಟೂ ನೆಟ್ಟೂ ಒಮ್ಮೆಯೂ ಹೋಗದಿದ್ದರೆ. ಡಿಸ್ಕಿಗಾದರೆ ಮೂರು ಗಂಟೆ. ಆದ್ದರಿಂದ ಸಂಗ್ರಹವೆಲ್ಲ ಡಿಸ್ಕಿಗೆ, ಅದರೊಳಗಿನ ಪ್ರಾಣದಂಥ ಸಣ್ಣ ಭಾಗ ಕ್ಲೌಡಿಗೆ ಎಂದು ಹಂಚುವುದು ನಮ್ಮ ಕಡೆಗೆ ಒಗ್ಗುವ ದಾರಿ.

ಕ್ಲೌಡ್ ಎಂದರೂ ಅದು ಎಲ್ಲೋ ಒಂದು ಕಟ್ಟಡದಲ್ಲಿರುವ ಡಿಸ್ಕೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರ ಸುಟ್ಟುಹೋದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. ನಿಮ್ಮ ಕೈಯಲ್ಲೊಂದು ಪ್ರತಿ ಇರಲೇಬೇಕು.

ವೈರಸ್ಸಿನ ವಿಷಯದಲ್ಲಿ ಉದಾಸೀನ ಬೇಡ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಲೋಕವೆಲ್ಲ ಹರಡಿದಾಗ ಕೇರಳದ ಪಂಚಾಯತಿ ಕಚೇರಿಗಳ ಕಂಪ್ಯೂಟರುಗಳಿಗೂ ಅದು ತಗಲಿತು. ಅದು ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಿತ್ತು. ಚುಚ್ಚಿಟ್ಟಿದ್ದ ಹೊರಗಿನ ಡಿಸ್ಕುಗಳನ್ನೂ ಬಿಡುತ್ತಿರಲಿಲ್ಲ.

ಯಾರಿಗೆ ಯಾವುದು

ಮನೆಯೊಂದರಲ್ಲಿ ಒಂದೋ ಎರಡೋ ಲ್ಯಾಪ್‌ಟಾಪು, ಮಕ್ಕಳ ಫೋಟೋ, ಜಾಗದ ದಾಖಲೆಗಳ ಸ್ಕ್ಯಾನು ಇದ್ದರೆ 1 ಟಿಬಿಯ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕು ಮತ್ತು ಉಚಿತ ಕ್ಲೌಡ್ ಖಾತೆ ಸಾಕು. ದಾಖಲೆಗಳ ಸ್ಕ್ಯಾನನ್ನು ನಾನು ವಿಶೇಷವಾಗಿ ಹೇಳುವುದಕ್ಕೆ ಕಾರಣವಿದೆ. ಈಗ ಕೇರಳದಲ್ಲಿರುವ ನಮ್ಮ ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಆ ಕಾಲದ ಕನ್ನಡದ ಮೂಲಗೇಣಿ ಚೀಟಿಗಳು, ಕುಟುಂಬದ ಪಾಲುಪಟ್ಟಿಗಳು ಇಂದಿಗೂ ಎಷ್ಟೋ ಮನೆಗಳ ಮರದ ಪೆಟ್ಟಿಗೆಗಳಲ್ಲಿವೆ, ಗೆದ್ದಲಿಗೂ ಪಸೆಗೂ ದಿನದಿನ ಸವೆಯುತ್ತಿವೆ. ಕಾಗದ ಹರಿದ ಮೇಲೆ ಸ್ಕ್ಯಾನೇ ಮೂಲ. ಅದನ್ನು ಡಿಸ್ಕಿನಲ್ಲಿ, ಕ್ಲೌಡಿನಲ್ಲಿ, ಡಿವಿಡಿಯಲ್ಲಿ ಮೂರು ಕಡೆಯೂ ಇಡಬೇಕು.

ಶಾಲೆಗಳಿಗೆ, ಯಕ್ಷಗಾನದ ಮುದ್ರಣಗಳನ್ನು ಕೂಡಿಡುವ ಹವ್ಯಾಸಿಗಳಿಗೆ 4 ಟಿಬಿಯ ಎರಡು ಡಿಸ್ಕು, ಒಂದು ಸದಾ ಹೊರಗೆ. ಶಾಲೆಯ ಡಿಸ್ಕು ಒಬ್ಬ ಅಧ್ಯಾಪಕರ ಚೀಲದಲ್ಲಿ ಇದ್ದುಬಿಟ್ಟರೆ ಅವರ ವರ್ಗಾವಣೆಯೊಂದಿಗೆ ಅದೂ ಹೋಗುತ್ತದೆ, ಆದ್ದರಿಂದ ಅದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಡಬೇಕು. ಮದುವೆಯ ಸ್ಟುಡಿಯೋಗಳಿಗೆ ರೇಡ್ 1ರ ನ್ಯಾಸು ಮತ್ತು ಹೊರಗಿನ ಡಿಸ್ಕು. ಅಲ್ಬಮ್ ಗಿರಾಕಿಯ ಕೈಸೇರುವ ತನಕ ಕ್ಯಾಮರಾದ ಕಾರ್ಡನ್ನು ಅಳಿಸಬಾರದು, ಏಕೆಂದರೆ ಧಾರೆಯನ್ನು ಮರಳಿ ಎರೆಸಲಾಗುವುದಿಲ್ಲ.

ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ವಿಂಡೋಸಿನಲ್ಲಿ ‘ಫೈಲ್ ಹಿಸ್ಟರಿ’ ಇದೆ, ಡಿಸ್ಕು ಜೋಡಿಸಿರುವಾಗ ಅದು ಗಂಟೆಗೊಮ್ಮೆ ಬದಲಾದ ಕಡತಗಳನ್ನು ಉಳಿಸಿ ಹಳೆಯ ರೂಪಗಳನ್ನೂ ಇಟ್ಟುಕೊಳ್ಳುತ್ತದೆ. ಮ್ಯಾಕಿನಲ್ಲಿ 2007ರಿಂದ ‘ಟೈಮ್ ಮೆಷಿನ್’ ಇದೆ. ಕೇರಳದ ಶಾಲೆಗಳಲ್ಲಿ ಬಳಸುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ‘ಡೇಜಾ ಡುಪ್’ ಹಾಕಿಕೊಳ್ಳಬಹುದು. ಫ್ರೀಫೈಲ್‌ಸಿಂಕ್ ಬಳಸುವವರು, ಅಳಿದ ಕಡತಗಳನ್ನು ಬೇರೊಂದು ಫೋಲ್ಡರಿಗೆ ಸರಿಸುವಂತೆ ಹೊಂದಿಸಿಕೊಳ್ಳಬೇಕು. ಇಲ್ಲವಾದರೆ ಅದೂ ಹೊಂದಾಣಿಕೆಯೇ ಆಗಿ ತಪ್ಪನ್ನೂ ನಕಲು ಮಾಡುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಮರೆಯುವ ಒಂದು ಸಂಗತಿಯುಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಗಳಲ್ಲಿ, ಪೇಜ್‌ಮೇಕರಿನಲ್ಲಿ ಮಾಡಿದ ಕಡತಗಳು ಬದುಕಿದ್ದರೂ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಕಡತದ ಜೊತೆಗೆ ಫಾಂಟನ್ನೂ, ಒಂದು ಪಿಡಿಎಫ್ ಪ್ರತಿಯನ್ನೂ, ಸಾಧ್ಯವಾದರೆ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯವನ್ನೂ ಇಡಬೇಕು. ಹಾಗೆಯೇ ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುವುದುಂಟು. ಮದರ್‌ಬೋರ್ಡು ಕೆಟ್ಟರೆ 48 ಅಂಕಿಗಳ ಬಿಟ್‌ಲಾಕರ್ ಕೀಲಿ ಇಲ್ಲದೆ ಆರೋಗ್ಯವಾಗಿರುವ ಡಿಸ್ಕೂ ತೆರೆಯದು. ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ.

ಮರಳಿ ತೆಗೆದು ನೋಡುವುದು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಸರ್ವರಿನ ಮಾಹಿತಿಯನ್ನು ಅಳಿಸಿದರು. ಆಗ ಹುಡುಕಿದರೆ, ಇದ್ದ ಐದು ಬಗೆಯ ವ್ಯವಸ್ಥೆಗಳಲ್ಲಿ ಯಾವುದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೇ ಕೊನೆಗೆ ಒದಗಿತು. ಅದನ್ನು ಅವರು ಮುಚ್ಚಿಡದೆ ಲೋಕಕ್ಕೆಲ್ಲ ತಿಳಿಸಿದ್ದು ದೊಡ್ಡ ಉಪಕಾರ. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ಎಣಿಸಬಾರದು. ನಾನು ಈ ಪರೀಕ್ಷೆಗೆ ವರ್ಷದಲ್ಲಿ ಎರಡು ದಿನ ಇಟ್ಟುಕೊಂಡಿದ್ದೇನೆ: ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆ, ಮಳೆಗಾಲ ಆರಂಭವಾಗುವ ಮೊದಲು, ಮತ್ತು ಆಯುಧಪೂಜೆ, ಹೇಗೂ ಕಂಪ್ಯೂಟರನ್ನು ಒರೆಸಿ ಕುಂಕುಮ ಇಡುವ ದಿನ. ಬೇರೆ ಬೇರೆ ವರ್ಷದ ಹತ್ತು ಕಡತಗಳನ್ನು ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿಗೆ ತಂದು, ಒಂದೊಂದನ್ನೂ ತೆರೆದು, ಕೊನೆಯ ಪುಟದವರೆಗೂ ಇಳಿದು ನೋಡುತ್ತೇನೆ. ಅರ್ಧ ಗಂಟೆಯ ಕೆಲಸ. ಐದು ವರ್ಷ ದಾಟಿದ ಡಿಸ್ಕನ್ನು, ಅದು ಚೆನ್ನಾಗಿಯೇ ಇದ್ದರೂ, ಬದಲಿಸುತ್ತೇನೆ.

ಪ್ರತಿಯಿಲ್ಲದೆಯೇ ಡಿಸ್ಕು ನರಳತೊಡಗಿದರೆ

ಸದ್ದು ಬರುತ್ತಿದ್ದರೆ ಕೂಡಲೆ ಆರಿಸಿ, ಮತ್ತೆ ಆನ್ ಮಾಡಬೇಡಿ. ‘ಇನ್ನೊಂದು ಸಲ ನೋಡೋಣ’ ಎಂಬ ಪ್ರತಿಯೊಂದು ಸಲವೂ ತಲೆಯು ತಟ್ಟೆಯನ್ನು ಉಜ್ಜಿರಬಹುದು. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ಕೇಳಬೇಡಿ. ನಮ್ಮ ತೇವದ ಗಾಳಿಯಲ್ಲಿ ಹೊರಗೆ ತೆಗೆದ ಕ್ಷಣವೇ ಡಿಸ್ಕು ಬೆವರಿ ಒಳಗೆ ಪಸೆ ಕೂರುತ್ತದೆ. ಮುಚ್ಚಳ ತೆರೆಯುವುದಂತೂ ಬೇಡ, ತಲೆ ಬದಲಿಸುವ ಕೆಲಸಕ್ಕೆ ಧೂಳಿಲ್ಲದ ಕೋಣೆ ಬೇಕು, ಅದು ದುಬಾರಿ ಪ್ರಯೋಗಾಲಯದ ಕೆಲಸ. ಸದ್ದಿಲ್ಲದೆ, ಕಡತಗಳು ಮಾತ್ರ ನಿಧಾನವಾಗಿ ತೆರೆಯುತ್ತಿದ್ದರೆ ಕಥೆ ಬೇರೆ: ವಿಂಡೋಸ್ ಸೂಚಿಸುವ ‘ಡಿಸ್ಕ್ ಸರಿಪಡಿಸು’ ಎಂಬುದನ್ನು ಒತ್ತದೆ, ಬಲ್ಲವರಿಂದ ಲಿನಕ್ಸಿನ ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡಿಸ್ಕನ್ನು ಹೊಸತೊಂದಕ್ಕೆ ಇಳಿಸಿಕೊಳ್ಳಬೇಕು. ಅದು ಚೆನ್ನಾಗಿ ಓದಲು ಬರುವ ಜಾಗಗಳನ್ನು ಮೊದಲು ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಹುಡುಕುವ, ಹೆಕ್ಕುವ ಕೆಲಸವೆಲ್ಲ ಆ ಹೊಸ ಡಿಸ್ಕಿನ ಮೇಲೆ ನಡೆಯಲಿ, ಹಳೆಯದನ್ನು ಕಳಚಿ ಡಬ್ಬದಲ್ಲಿಟ್ಟುಬಿಡಿ.